ನಾಲ್ಕನೇ ಸಂಪುಟದ ಅಡಿಟಿಪ್ಪಣಿ

ನಾನು ಸರ್ಕಾರಿ ಇತಿಹಾಸಕಾರ್ತಿ ಎಂದರೆ ಓದಿಕೊಂಡವರು, "ಅಂದ್ರೆ ಸುಳ್ಳು ಬರೆಯೋ ಕೆಲಸಾನಾ?" ಎಂದು ಕೇಳುತ್ತಾರೆ. ನೆಂಟರು, "ಅದಕ್ಕೂ ಸಂಬಳ ಕೊಡ್ತಾರಾ?" ಎನ್ನುತ್ತಾರೆ. ಮೂವತ್ತೈದು ವರ್ಷ ಇಬ್ಬರಿಗೂ ಹಲ್ಲು ಕಿರಿದು ಸುಮ್ಮನಾಗಿದ್ದೇನೆ. ಒಳಗೊಳಗೆ ಮಾತ್ರ ಉರಿಯುತ್ತಿತ್ತು.

ಕೆಲಸ ಏನೆಂದು ಒಂದೇ ಸಲ ಹೇಳಿಬಿಡುತ್ತೇನೆ. ವಿದೇಶಾಂಗ ಇಲಾಖೆಯ ಕಡತಗಳಿಗೆ ಹದಿನೈದು ವರ್ಷ ತುಂಬಿದ ಮೇಲೆ ಅವು ನಮ್ಮ ಇತಿಹಾಸ ವಿಭಾಗಕ್ಕೆ ಬರುತ್ತವೆ. ಯಾವ ಮಂತ್ರಿ ಯಾವ ರಾಯಭಾರಿಗೆ ಏನು ಹೇಳಿದ, ಹೇಳಿದ್ದು ಒಂದು ಮಾಡಿದ್ದು ಇನ್ನೊಂದು ಹೇಗಾಯಿತು ಎಂಬುದನ್ನೆಲ್ಲ ಓದಿ, ಮುಖ್ಯವಾದ ಕಾಗದಗಳನ್ನು ಆರಿಸಿ, ಅಡಿಟಿಪ್ಪಣಿ ಹಾಕಿ, ದಪ್ಪ ದಪ್ಪ ಸಂಪುಟಗಳಾಗಿ ಅಚ್ಚು ಹಾಕಿಸುವುದು ನಮ್ಮ ಕೆಲಸ. ನಮ್ಮ ಕಚೇರಿ ಮೂರನೇ ಮಹಡಿಯಲ್ಲಿ, ಮುರಿದ ಕುರ್ಚಿಗಳ ಉಗ್ರಾಣದ ಪಕ್ಕ. ಬೇಸಿಗೆಯಲ್ಲೂ ಫ್ಯಾನ್ ಹಾಕುವ ಹಾಗಿಲ್ಲ, ಹಳೆಯ ಹಾಳೆಗಳು ಹಾರಿಹೋಗುತ್ತವೆ. ತುಕ್ಕು ಹಿಡಿದ ಗುಂಡುಸೂಜಿ ಚುಚ್ಚಿ ಚುಚ್ಚಿ ನನ್ನ ಬಲಗೈ ಹೆಬ್ಬೆರಳು ದಡ್ಡುಗಟ್ಟಿದೆ.

ಗುಪ್ತಚರ ವಿಷಯ ಬಂದರೆ ನಮಗೆ ಸ್ವಾತಂತ್ರ್ಯವಿಲ್ಲ. ಆ ಇಲಾಖೆಯಿಂದ ಒಬ್ಬರು ಅಧಿಕಾರಿ ಬಂದು ನಾವು ಆರಿಸಿದ್ದನ್ನೆಲ್ಲ ಓದಿ, ಬೇಡವಾದ ಸಾಲುಗಳ ಮೇಲೆ ಕಪ್ಪು ಗೀಟು ಎಳೆಯುತ್ತಾರೆ. ಹನ್ನೆರಡು ವರ್ಷದಿಂದ ಬರುತ್ತಿರುವವರಿಗೆ ನಾವಿಟ್ಟ ಹೆಸರು ಕತ್ತರಿ. ಅರ್ಧ ಸಾಲಿಗಾಗಿ ನಾನೂ ಅವರೂ ಇಡೀ ದಿನ ಜಗಳವಾಡಿದ್ದುಂಟು. ಅವರು ಮನೆಯಿಂದ ಫ್ಲಾಸ್ಕಿನಲ್ಲಿ ಚಹಾ ತರುತ್ತಿದ್ದರು. ಜಗಳ ಜೋರಾದಾಗ ನನಗೂ ಅರ್ಧ ಲೋಟ ಬಗ್ಗಿಸುತ್ತಿದ್ದರು.

ನನಗೂ ಕಚೇರಿಯಲ್ಲಿ ಒಂದು ಅಡ್ಡಹೆಸರಿದೆ: ಅಲ್ಪವಿರಾಮ ಮೇಡಂ. ಕರಡು ತಿದ್ದುವಾಗ ಒಂದು ಅಲ್ಪವಿರಾಮ ಆಚೀಚೆಯಾದರೂ ಮುದ್ರಣಾಲಯದವರ ಜೀವ ಹಿಂಡುತ್ತಿದ್ದೆ. ಪ್ರತಿ ಹೊಸ ಸಂಪುಟದ ಕೊನೆಗೆ ಹಿಂದಿನ ಸಂಪುಟಗಳ ತಪ್ಪು-ಒಪ್ಪು ಪಟ್ಟಿ ಹಾಕುವುದು ನಮ್ಮ ರೂಢಿ. ಹತ್ತು ಸಂಪುಟಗಳ ಪಟ್ಟಿಯಲ್ಲಿ ಇದ್ದದ್ದೆಲ್ಲ ಅಚ್ಚಿನ ದೋಷ. ಬಿಟ್ಟುಹೋದ ಅಕ್ಷರ, ಹಿಂದುಮುಂದಾದ ತಾರೀಖು. ಸಂಗತಿಯೇ ತಪ್ಪು ಎಂದು ಒಬ್ಬರೂ ಬೆರಳು ತೋರಿಸಿರಲಿಲ್ಲ. ಅದು ನನ್ನ ಜಂಬ. ನಿವೃತ್ತಿಗೆ ಎರಡು ತಿಂಗಳು ಉಳಿದಾಗ, ಹನ್ನೊಂದನೇ ಸಂಪುಟದ ಕರಡನ್ನು ಮುಂದಿಟ್ಟುಕೊಂಡು ಅದೇ ಜಂಬದಲ್ಲಿ ಕೂತಿದ್ದೆ. ಆಗ ಆಕೆ ಬಂದಳು.

ಐವತ್ತರ ಹೆಂಗಸು. ಔಷಧಿ ಅಂಗಡಿ ನಡೆಸುತ್ತೇನೆ ಎಂದಳು. ಕೈಯಲ್ಲಿ ಗ್ರಂಥಾಲಯದಿಂದ ತಂದ ನಮ್ಮ ನಾಲ್ಕನೇ ಸಂಪುಟ, ನಡುವೆ ಗುಳಿಗೆಯ ಖಾಲಿ ಪಟ್ಟಿ ಸಿಕ್ಕಿಸಿ ಗುರುತು ಮಾಡಿದ್ದಳು. ಆ ಪುಟ ತೆರೆದು ನನ್ನ ಮುಂದಿಟ್ಟು, ಕೆಳಗಿನ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟಳು.

"ಇದನ್ನ ಬರೆದೋರು ಯಾರು ಮೇಡಂ?"

ಬಗ್ಗಿ ಓದಿದೆ. ನಲವತ್ತೊಂದು ವರ್ಷದ ಹಿಂದೆ ನೆರೆದೇಶದೊಂದಿಗೆ ನಡೆದ ಗಡಿ ಮಾತುಕತೆಯ ಭಾಗ ಅದು. ನಮ್ಮವರು ಕೊನೆಗೆ ಎಷ್ಟರವರೆಗೆ ಬಿಟ್ಟುಕೊಡಲು ತಯಾರಿದ್ದಾರೆ ಎಂಬ ಗುಟ್ಟು ಎರಡನೇ ದಿನವೇ ಆ ಕಡೆಯವರಿಗೆ ತಿಳಿದುಹೋಗಿ ಮಾತುಕತೆ ಕೆಟ್ಟಿತ್ತು. ಅದರ ಕೆಳಗೆ ಅಡಿಟಿಪ್ಪಣಿ: 'ಮಾತುಕತೆಯ ವಿವರ ಸೋರಿಕೆ ಮಾಡಿದ ಕಾರಣಕ್ಕೆ ದುಭಾಷಿಯನ್ನು ಸೇವೆಯಿಂದ ಬಿಡಿಸಲಾಯಿತು.' ಮುಂದೆ ದುಭಾಷಿಯ ಪೂರ್ತಿ ಹೆಸರು, ಕಡತದ ಸಂಖ್ಯೆ.

ಇಪ್ಪತ್ನಾಲ್ಕು ವರ್ಷದ ಹಿಂದೆ ಅದನ್ನು ಬರೆದವಳು ನಾನೇ.

"ವಿಭಾಗದೋರು," ಎಂದೆ. ನಮ್ಮ ಸಂಪುಟಗಳ ಮೇಲೆ ಸಂಪಾದಕರ ಹೆಸರು ಹಾಕುವುದಿಲ್ಲ. ಆ ರೂಢಿ ಅವತ್ತು ಒಳ್ಳೆಯ ಆಸರೆಯಾಯಿತು.

"ಅವರು ನಮ್ಮಪ್ಪ," ಎಂದಳು. "ಇಲಾಖೆಯೋರು ಕೆಲಸದಿಂದ ಬಿಡಿಸಿದಾಗ ಕಾಗದದಲ್ಲಿ ಅನಾರೋಗ್ಯ ಅಂತ ಮಾತ್ರ ಬರೆದಿದ್ರು. ಹೊರಗಡೆ ಯಾರಿಗೂ ಏನೂ ಗೊತ್ತಿರ್ಲಿಲ್ಲ. ಆಮೇಲೆ ಹದಿನೇಳು ವರ್ಷ ಸಂಜೆ ಕಾಲೇಜಲ್ಲಿ ಆ ನೆರೆದೇಶದ ಭಾಷೆ ಕಲಿಸ್ತಿದ್ರು. ಹುಡುಗ್ರಿಗೆ ಅವರು ಅಂದ್ರೆ ಪ್ರಾಣ. ಅಷ್ಟರಲ್ಲಿ ಈ ಪುಸ್ತಕ ಬಂತು. ಪತ್ರಿಕೆಯೋರು ಈ ಎರಡು ಸಾಲು ಎತ್ತಿ ಹಾಕಿದ್ರು. ಒಂದೇ ವಾರದಲ್ಲಿ ಕ್ಲಾಸು ಖಾಲಿ."

"ನಿಮ್ಮ ತಂದೆ ಏನಂದ್ರು?"

"ಏನೂ ಇಲ್ಲ. ಆ ಕೋಣೆಯಲ್ಲಿ ನಡೆದಿದ್ದನ್ನ ಹೊರಗೆ ಆಡಲ್ಲ ಅಂತ ಮಾತು ಕೊಟ್ಟಿದ್ದೀನಿ ಅಂತಾರೆ. ನಾನು ಮಾಡಿಲ್ಲ ಅಂತ ಕೂಡ ಬಾಯಿ ಬಿಡಲ್ಲ. ಅವತ್ತಿಂದ ಆ ಭಾಷೆಯ ಒಂದು ಮಾತೂ ಆಡಿಲ್ಲ ಮೇಡಂ. ಪುಸ್ತಕಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದ್ರು."

ಆಕೆ ಪುಸ್ತಕ ಮುಚ್ಚಿ, ದನಿ ತಗ್ಗಿಸಿ ಹೇಳಿದಳು.

"ಎಂಬತ್ತೊಂದು ವರ್ಷ ಅವರಿಗೆ. ಹೃದಯ ತುಂಬ ದುರ್ಬಲ ಆಗಿದೆ, ಹೆಚ್ಚು ದಿನ ಅಂತ ಆಸೆ ಇಟ್ಕೋಬೇಡಿ ಅಂದಿದ್ದಾರೆ ಡಾಕ್ಟರು. ಅವರು ಮಾಡಿದ್ರೆ ಮಾಡಿದ್ರು ಅಂತ ಗೊತ್ತಾಗ್ಲಿ. ಮಾಡಿಲ್ಲ ಅಂದ್ರೆ ನಾನು ಅವರ ಕಾಲು ಹಿಡ್ಕೋಬೇಕು. ಒಂದೇ ಮನೇಲಿ ಇದ್ದು, ದಿನಾ ಕೈಯಾರೆ ಊಟ ಬಡಿಸ್ತಾ, ಇಪ್ಪತ್ನಾಲ್ಕು ವರ್ಷ ನಾನೂ ಅನುಮಾನಪಟ್ಟಿದ್ದೀನಿ."

ನೋಡುತ್ತೇನೆ ಎಂದು ಕಳಿಸಿದೆ. ಸರ್ಕಾರಿ ನೌಕರರ ಬಾಯಲ್ಲಿ ಆ ಮಾತಿಗೆ ಎಷ್ಟು ಬೆಲೆ ಎಂದು ಆಕೆಗೂ ಗೊತ್ತಿತ್ತು. ಆದರೂ ಕೈಮುಗಿದು ಹೋದಳು.

ಆ ಮಧ್ಯಾಹ್ನವೇ ಹಳೆಯ ಕಡತ ತರಿಸಿದೆ. ಅದರಲ್ಲಿ ಎರಡೇ ಹಾಳೆ. ಒಂದು, ಅನಾರೋಗ್ಯದ ನಿಮಿತ್ತ ಸೇವೆಯಿಂದ ಬಿಡುಗಡೆ ಎಂಬ ಆದೇಶ. ಇನ್ನೊಂದು ಹೊದಿಕೆ ಪತ್ರ. ಅದರ ಮೇಲೆ, 'ವಿಷಯ: ದುಭಾಷಿಯಿಂದ ಮಾಹಿತಿ ಸೋರಿಕೆ, ವಿಚಾರಣೆ.' ಕೆಳಗೆ, 'ಲಗತ್ತು: ವರದಿ, ಗುಪ್ತಚರ ಇಲಾಖೆಯ ವಶದಲ್ಲಿ.' ಇಷ್ಟನ್ನು ನೋಡಿ, ಎರಡನ್ನೂ ಗಂಟು ಹಾಕಿ, ಆ ವರದಿಯನ್ನು ಕಣ್ಣಿಂದಲೂ ಕಾಣದೆ ಟಿಪ್ಪಣಿ ಬರೆದಿದ್ದೆ.

ಯಾವ ಕಚೇರಿಯ ಗುಮಾಸ್ತನನ್ನು ಕೇಳಿದರೂ ಹೇಳುತ್ತಾನೆ, ಕಡತದ 'ವಿಷಯ' ಬರೆಯುವುದು ಮೊದಲ ದಿನ, ದೂರು ಬಂದಾಗ. ವಿಚಾರಣೆ ಮುಗಿದು ದೂರೇ ಸುಳ್ಳೆಂದು ತೀರ್ಮಾನವಾದರೂ ಮೇಲಿನ ಸಾಲನ್ನು ಯಾರೂ ಬದಲಿಸುವುದಿಲ್ಲ. ಕೊನೆತನಕ ಆ ಕಡತಕ್ಕೆ ಅದೇ ಹೆಸರು. ಹೊಸಬರಿಗೆ ನಾನು ಕಲಿಸುವ ಮೊದಲ ಪಾಠವೇ ಇದು. ಅಲ್ಪವಿರಾಮ ಕಾಯುತ್ತ ಕೂತಿದ್ದ ನಾನು ಒಬ್ಬ ಮನುಷ್ಯನ ಮರ್ಯಾದೆಯನ್ನು ಕಾಯಲಿಲ್ಲ.

ಹನ್ನೊಂದನೇ ಸಂಪುಟದ ಸಲುವಾಗಿ ಗುಪ್ತಚರ ಇಲಾಖೆಯ ಓದುಕೋಣೆಗೆ ಹೋಗಲು ನನಗೆ ಅನುಮತಿ ಇತ್ತು. ಗಾಜಿಗೆ ಬಿಳಿ ಬಣ್ಣ ಬಳಿದ ಒಂದೇ ಕಿಟಕಿ, ಒಂದು ಮೇಜು. ಬಾಗಿಲಲ್ಲಿ ಪೆನ್ನು, ಚೀಲ, ಕೈಗಡಿಯಾರ ಎಲ್ಲ ಕಿತ್ತಿಟ್ಟುಕೊಳ್ಳುತ್ತಾರೆ. ಅಲ್ಲಿ ಆ ವರದಿ ಸಿಕ್ಕಿತು. ನಲವತ್ತಾರು ಪುಟ. ಮೂವತ್ತೊಂಬತ್ತನೇ ಪುಟದಲ್ಲಿ ಒಂದು ವಾಕ್ಯ: 'ದುಭಾಷಿಯ ಮೇಲಿನ ಅನುಮಾನಕ್ಕೆ ಯಾವ ಆಧಾರವೂ ಇಲ್ಲ.'

ಹಾಗಾದರೆ ಮಾಡಿದವರು ಯಾರು ಎಂಬುದೂ ಮುಂದಿನ ಪುಟದಲ್ಲಿತ್ತು. ಅದನ್ನು ನಾನು ಇಲ್ಲೂ ಹೇಳುವುದಿಲ್ಲ. ಮಾತು ಕೊಟ್ಟವರಲ್ಲಿ ನಾನೂ ಒಬ್ಬಳು. ಆದರೆ ವರದಿಯ ಅಂಚಿನಲ್ಲಿ ಯಾರೋ ಹಸಿರು ಶಾಯಿಯಲ್ಲಿ ಬರೆದಿದ್ದರು: 'ಈಗ ವಾಪಸು ಕರೆದರೆ ಪ್ರಶ್ನೆ ಏಳುತ್ತದೆ. ಮುಚ್ಚಿಬಿಡಿ.' ವರದಿ ಬರುವುದಕ್ಕೆ ಎಂಟು ತಿಂಗಳು ಮೊದಲೇ ದುಭಾಷಿಯನ್ನು ಮನೆಗೆ ಕಳಿಸಿಯಾಗಿತ್ತು. ಆ ಹಸಿರು ಶಾಯಿಯವರ ಮೇಲೆ ಬಂದ ಸಿಟ್ಟಿನಲ್ಲಿ ನನ್ನ ಪಾಲಿನ ತಪ್ಪು ಸ್ವಲ್ಪ ಹೊತ್ತು ಮರೆತೇಹೋಯಿತು. ಆದರೆ ಅವರು ಮುಚ್ಚಿಟ್ಟರು, ಊರಿಗೆಲ್ಲ ಡಂಗುರ ಹೊಡೆದವಳು ನಾನು.

ಮರುದಿನವೇ ಕತ್ತರಿಯವರ ಮುಂದೆ ಕೂತೆ.

"ಒಂದೇ ಒಂದು ವಾಕ್ಯ ಸರ್. ಮಿಕ್ಕ ನಲವತ್ತೈದು ಪುಟಕ್ಕೂ ಮಸಿ ಬಳೀರಿ, ನಾನು ಕೇಳಲ್ಲ."

ಅವರು ತಲೆ ಅಲ್ಲಾಡಿಸಿದರು. "ಅವರಲ್ಲ ಅಂತ ಅಚ್ಚು ಹಾಕಿದ್ರೆ, ಮತ್ಯಾರು ಅಂತ ಮಾರನೇ ದಿನ ಕೇಳ್ತಾರೆ. ಆ ಕೋಣೆಯಲ್ಲಿ ಇದ್ದದ್ದು ಆರು ಜನ. ಒಬ್ರನ್ನ ಬಿಟ್ರೆ ಐದು. ಅಲ್ಲಿಂದ ಎಷ್ಟು ದೂರ?"

"ಅವರಿಗೆ ಎಂಬತ್ತೊಂದು ವರ್ಷ."

"ನಮ್ಮ ತಂದೆಗೂ ಎಂಬತ್ತು. ನಂಗೆ ಅರ್ಥ ಆಗಲ್ಲ ಅಂದ್ಕೋಬೇಡಿ. ಆ ಐದು ಜನಕ್ಕೂ ಮಕ್ಕಳಿದ್ದಾರೆ ಮೇಡಂ."

ನಾನು ಬಿಡಲಿಲ್ಲ. ಐದು ವಾರಗಳಲ್ಲಿ ಮೂರು ಮನವಿ ಬರೆದೆ. ಒಂದರಲ್ಲಿ ನಿಯಮ ತೋರಿಸಿದೆ, ಒಂದರಲ್ಲಿ ಗೋಗರೆದೆ, ಒಂದರಲ್ಲಿ ಬೆದರಿಸಿದೆ. ಮೂರೂ ವಾಪಸು ಬಂದವು. ಮೂರನೆಯದನ್ನು ಕತ್ತರಿಯವರೇ ಕೈಯಲ್ಲಿ ಹಿಡಿದು ತಂದರು. ಫ್ಲಾಸ್ಕ್ ತೆಗೆದು, ನಾನು ಬಾಯಿ ತೆರೆಯುವ ಮೊದಲೇ ನನ್ನ ಲೋಟಕ್ಕೆ ಚಹಾ ಬಗ್ಗಿಸಿದರು.

"ಒಂದು ಕೇಳ್ಲಾ ಮೇಡಂ? ಕಾಗದ ನಮ್ಮದು, ಅದನ್ನ ನಾನು ಬಿಡಲ್ಲ. ಆದ್ರೆ ಅಡಿಟಿಪ್ಪಣಿ ನಮ್ಮದಲ್ಲವಲ್ಲ? ನೀವು ಆವತ್ತು ನಮ್ಮ ವರದಿ ನೋಡಿ ಬರೆದಿದ್ದಲ್ಲ. ನಿಮ್ಮ ತಪ್ಪು ತಿದ್ದೋಕೆ ನನ್ನ ಅನುಮತಿ ಯಾಕೆ ಬೇಕು?"

ಮುಖಕ್ಕೆ ಹೊಡೆದ ಹಾಗಾಯಿತು. ಚಹಾ ಕುಡಿಯದೆ ಎದ್ದು ಹೊರಗೆ ಹೋದೆ.

ಮರುದಿನ ಬೆಳಿಗ್ಗೆ ತಿಂಡಿ ತಿನ್ನುವಾಗ ಇದನ್ನೆಲ್ಲ ನಮ್ಮ ಯಜಮಾನರ ಮುಂದೆ ಹೇಳಿಕೊಂಡೆ, ಗುಟ್ಟಿನ ಮಾತೊಂದನ್ನು ಬಿಟ್ಟು. ಅವರು ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವರು, ಈಗ ಪತ್ರಿಕೆಯ ಪದಬಂಧಕ್ಕೆ ಗಂಟುಬಿದ್ದಿದ್ದಾರೆ. ತಲೆ ಎತ್ತದೆ ಕೇಳಿಸಿಕೊಂಡರು.

"ಆ ಕಾಗದ ಸಿಕ್ಕಿದ್ರೆ ಏನಂತ ಬರೀತಿದ್ದೆ?"

"ಹೊಸ ದಾಖಲೆ ಸಿಕ್ಕಿದೆ, ಅದರ ಪ್ರಕಾರ ಹಿಂದಿನ ಟಿಪ್ಪಣಿ ಬದಲಾಗಿದೆ ಅಂತ."

"ಹಾಗೆ ಬರೆದಿದ್ರೆ ನೀನು ತಪ್ಪು ಮಾಡಿದೆ ಅಂತ ಯಾರಿಗಾದ್ರೂ ಗೊತ್ತಾಗ್ತಿತ್ತಾ?"

"ಏನ್ರೀ ಹಾಗಂದ್ರೆ?"

"ಏನಿಲ್ಲ ಕಣೇ. ಸುಮ್ನೆ ಕೇಳ್ದೆ," ಎಂದು ಅವರು ಪದಬಂಧಕ್ಕೆ ಮರಳಿದರು.

ಸಂಜೆಯವರೆಗೆ ಅವರ ಜತೆ ಮಾತು ಬಿಟ್ಟೆ. ಅವರು ಹೇಳಿದ್ದು ಸುಳ್ಳಾಗಿದ್ದರೆ ಅಲ್ಲೇ ಜಗಳವಾಡಿ ಮುಗಿಸುತ್ತಿದ್ದೆ. ಐದು ವಾರ ನಾನು ಬಡಿದಾಡಿದ್ದು ಆ ಮುದುಕರಿಗಾಗಿ ಎಂದುಕೊಂಡಿದ್ದೆ. ಅರ್ಧ ನನಗಾಗಿಯೇ ಇತ್ತು. ಅಷ್ಟು ದಿನದಲ್ಲಿ ಅವರಿಗೆ ಏನಾದರೂ ಆಗಿಹೋಗಿದ್ದರೆ? ಔಷಧಿ ಅಂಗಡಿಗೆ ಫೋನ್ ಮಾಡಿ ವಿಚಾರಿಸಿದೆ. "ಇದ್ದಾರೆ ಮೇಡಂ, ಹಾಗೇ ಇದ್ದಾರೆ," ಎಂದಳು ಮಗಳು. ನಾನು ಬೇರೇನೂ ಹೇಳದೆ ಇಟ್ಟೆ.

ತಪ್ಪು-ಒಪ್ಪು ಪಟ್ಟಿಯನ್ನು ಕತ್ತರಿಯವರಿಗೆ ಕಳಿಸುವ ಪದ್ಧತಿ ಇಲ್ಲ. ಬಿಟ್ಟುಹೋದ ದೀರ್ಘದಲ್ಲಿ ಯಾವ ಗುಟ್ಟಿರುತ್ತದೆ? ಅದಕ್ಕೆ ನಮ್ಮ ನಿರ್ದೇಶಕರ ಸಹಿಯೊಂದೇ ಸಾಕು. ಅವರು ನನಗಿಂತ ಹದಿನೈದು ವರ್ಷ ಚಿಕ್ಕವರು, ಒಳ್ಳೆಯವರು, ಯಾವ ಜಗಳವೂ ಬೇಡ ಎನ್ನುವ ಜಾತಿ. ಹದಿನೇಳು ಸಾಲುಗಳ ಪಟ್ಟಿಯನ್ನು ಸಹಿ ಹಾಕುವ ಭರದಲ್ಲಿ ಓದುತ್ತ ಬಂದವರು ಹನ್ನೆರಡನೇ ಸಾಲಿಗೆ ನಿಂತರು. ಎರಡು ಸಲ ಓದಿದರು.

"ಇದ್ಯಾಕೆ ಮೇಡಂ ಈಗ? ಇನ್ನು ಹದಿನೆಂಟು ದಿನಕ್ಕೆ ನಿವೃತ್ತಿ."

"ಅದಕ್ಕೇ ಈಗ. ಇದರಲ್ಲಿ ಗುಟ್ಟಿನ ಮಾತು ಏನಾದ್ರೂ ಇದೆಯಾ ಸರ್?"

"ಇಲ್ಲ. ಆದ್ರೆ ಸಂಪಾದಕಿಯ ತಪ್ಪು ಅಂತ ಯಾಕೆ ಹಾಕ್ತೀರಿ? ಮುದ್ರಣದೋಷ ಅಂದುಬಿಡಿ, ಯಾರೂ ಕೇಳಲ್ಲ."

"ಮುದ್ರಣಾಲಯದೋರು ಏನು ಪಾಪ ಮಾಡಿದ್ರು ಸರ್? ಜೀವಮಾನವಿಡೀ ಅವರನ್ನ ಬೈದಿದ್ದೇ ಸಾಕಾಗಿದೆ."

ಅವರು ತಲೆ ಕೆರೆದುಕೊಂಡರು. "ನಿಮ್ಮ ಬೀಳ್ಕೊಡುಗೆ ಭಾಷಣ ಬರೆದಾಗಿದೆ. ಸಂಗತಿಯಲ್ಲಿ ಒಂದೂ ತಪ್ಪಿಲ್ಲದ ಹತ್ತು ಸಂಪುಟ ಅಂತ ಹಾಕಿದ್ದೀನಿ."

"ಒಂಬತ್ತು ಅಂತ ತಿದ್ಕೊಳ್ಳಿ," ಎಂದೆ. ಅವರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಸಹಿ ಹಾಕಿದರು.

ಹಾಳೆಗಳು ಅಚ್ಚಾಗಿ ಬಂದ ದಿನ ರಟ್ಟು ಕಟ್ಟುವವರೆಗೂ ಕಾಯಲಿಲ್ಲ. ಕೊನೆಯ ಹಾಳೆಯೊಂದನ್ನು ಲಕೋಟೆಯಲ್ಲಿಟ್ಟುಕೊಂಡು ಹೊರಟೆ. ಔಷಧಿ ಅಂಗಡಿಯ ಹಿಂದೆಯೇ ಅವರ ಮನೆ. ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಒಂದು ಮಂಚ, ಅದರ ಎದುರು ಎರಡು ಕುರ್ಚಿ. ದುಭಾಷಿ ದಿಂಬಿಗೆ ಒರಗಿ ಕೂತಿದ್ದರು. ಮೈ ಸೊರಗಿತ್ತು. ಆದರೆ ಆ ಸ್ಥಿತಿಯಲ್ಲೂ ಅಂಗಿಯ ಮೇಲಿನ ಗುಂಡಿಯವರೆಗೆ ಹಾಕಿಕೊಂಡಿದ್ದರು. ನಾನು ಇತಿಹಾಸ ವಿಭಾಗದವಳು ಎಂದು ಮಗಳು ಹೇಳಿದಾಗ ಅವರ ಮುಖದಲ್ಲಿ ಏನೂ ಕದಲಲಿಲ್ಲ.

ಹಾಳೆಯನ್ನು ಮಗಳ ಕೈಗೆ ಕೊಟ್ಟು, ಹನ್ನೆರಡನೇ ಸಾಲು ಎಂದೆ.

"ಮೊದಲಿಂದ ಓದು," ಎಂದರು ದುಭಾಷಿ. "ನಡುವಿಂದ ಎತ್ಕೊಂಡು ಓದಬಾರದು."

ಹಾಗೆ ಆಕೆ ಮೊದಲಿನಿಂದ ಓದಿದಳು. ಒಂದನೇ ಸಂಪುಟ, ಪುಟ ನೂರಾ ಏಳು, ತಾರೀಖು ಹದಿಮೂರು ಅಲ್ಲ, ಮೂವತ್ತೊಂದು. ಎರಡನೇ ಸಂಪುಟದ ಅಲ್ಪವಿರಾಮ. ಮೂರನೇ ಸಂಪುಟದಲ್ಲಿ ಬಿಟ್ಟುಹೋದ ಒಂದು ದೀರ್ಘ. ನಾನು ಕುರ್ಚಿಯ ಅಂಚಿನಲ್ಲಿ ಕೂತಿದ್ದೆ. ಹನ್ನೊಂದು ಮುಗಿದು ಹನ್ನೆರಡಕ್ಕೆ ಬಂದಾಗ ಆಕೆಯ ದನಿ ನಿಧಾನವಾಯಿತು.

"ನಾಲ್ಕನೇ ಸಂಪುಟ, ಪುಟ ಮುನ್ನೂರ ಹನ್ನೆರಡು, ಅಡಿಟಿಪ್ಪಣಿ ಮೂರು. ದುಭಾಷಿಯ ಬಗ್ಗೆ ಇಲ್ಲಿ ಹೇಳಿರುವುದನ್ನು ಪೂರ್ತಿಯಾಗಿ ಹಿಂತೆಗೆದುಕೊಳ್ಳಲಾಗಿದೆ. ಆಧಾರವೆಂದು ಕೊಟ್ಟ ಹಾಳೆಯಲ್ಲಿ ಇರುವುದು ಕಡತದ ವಿಷಯ ಮಾತ್ರ, ವಿಚಾರಣೆಯ ತೀರ್ಮಾನವಲ್ಲ. ಹಾಗೆ ಬರೆಯಲು ಸಂಪಾದಕಿಯ ಬಳಿ ಯಾವ ದಾಖಲೆಯೂ ಇರಲಿಲ್ಲ. ಈ ತಪ್ಪು ಮುದ್ರಣದ್ದಲ್ಲ, ಸಂಪಾದಕಿಯದು."

ಮಗಳು ಹಾಳೆಯನ್ನು ಹೊದಿಕೆಯ ಮೇಲಿಟ್ಟಳು. "ಅಪ್ಪಾ," ಎಂದಳು. ಮಂಚದ ಕಾಲಬದಿಗೆ ಕುಸಿದು ಕೂತು, ಹೊದಿಕೆಯ ಮೇಲಿಂದಲೇ ಅವರ ಪಾದ ಹಿಡಿದುಕೊಂಡಳು. ದುಭಾಷಿ ಬಗ್ಗಿ ಅವಳ ತಲೆಯ ಮೇಲೆ ಕೈಯಿಟ್ಟರು. ಯಾಕೆ ಎಂದು ಕೇಳಲಿಲ್ಲ. ಮಗಳ ಅನುಮಾನ ಅವರಿಗೆ ಮೊದಲಿನಿಂದಲೂ ಗೊತ್ತಿತ್ತೆಂದು ನನಗೆ ಆಗ ಹೊಳೆಯಿತು.

ಆಮೇಲೆ ನನ್ನ ಕಡೆ ತಿರುಗಿದರು.

"ಸಂಪಾದಕಿ ಅಂದ್ರೆ ಯಾರು?"

ವಿಭಾಗದೋರು ಎನ್ನುವ ಮಾತು ಈ ಸಲ ಬಾಯಿಗೆ ಬರಲಿಲ್ಲ. ಎದ್ದು ನಿಂತೆ. ಯಾಕೆ ನಿಂತೆನೋ, ಕೂತು ಹೇಳುವ ಮಾತಲ್ಲ ಅನ್ನಿಸಿತು.

"ನಾನೇ. ತಪ್ಪು ನನ್ನದು."

ಅವರು ನನ್ನನ್ನೇ ನೋಡಿದರು. ನಂತರ ದಿಂಬನ್ನು ಬಿಟ್ಟು ಬೆನ್ನು ನೇರ ಮಾಡಿದರು. ಎರಡೂ ಕೈಗಳನ್ನು ಮಡಿಲಲ್ಲಿ ಜೋಡಿಸಿ, ಮುಖವನ್ನು ತುಸು ಎಡಕ್ಕೆ, ಎದುರಿನ ಖಾಲಿ ಕುರ್ಚಿಯಲ್ಲಿ ಆ ದೇಶದವರು ಕೂತಿದ್ದಾರೆ ಎಂಬಂತೆ ಅದರ ಕಡೆಗೆ ತಿರುಗಿಸಿ, ತಗ್ಗಿದ ಸ್ಪಷ್ಟ ದನಿಯಲ್ಲಿ ಏನೋ ಹೇಳಿದರು.

ಆ ಭಾಷೆಯ ಕಾಗದಗಳನ್ನು ಓದಿಯೇ ನಾನು ತಲೆ ನರೆಸಿಕೊಂಡವಳು, ನನಗೆ ಅರ್ಥವಾಯಿತು. ನಾನು ಹೇಳಿದ್ದನ್ನೇ, ಒಂದಕ್ಷರ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಹೇಳಿದ್ದರು: ನಾನೇ, ತಪ್ಪು ನನ್ನದು. ದುಭಾಷಿಗಳ ನಿಯಮವೇ ಅದು. ಮಾತಾಡುವವರು 'ನಾನು' ಎಂದರೆ ದುಭಾಷಿಯೂ 'ನಾನು' ಎನ್ನಬೇಕು. 'ಈಕೆ ಹೀಗೆ ಹೇಳುತ್ತಿದ್ದಾಳೆ' ಎಂದು ಪಕ್ಕಕ್ಕೆ ಸರಿದು ನಿಲ್ಲುವ ಹಾಗಿಲ್ಲ.

ಮಗಳು ಬೆಚ್ಚಿ ತಲೆ ಎತ್ತಿದಳು. ಇಪ್ಪತ್ನಾಲ್ಕು ವರ್ಷದ ನಂತರ ತಂದೆಯ ಬಾಯಲ್ಲಿ ಆ ಭಾಷೆ.

"ಮುಂದೆ ಹೇಳಿ," ಎಂದರು ದುಭಾಷಿ. "ಒಂದೊಂದೇ ವಾಕ್ಯ ಹೇಳಿ. ನಾನು ಹಿಂದೆಯೇ ಬರ್ತೀನಿ."

ನಾನು ಹೇಳಿದೆ, "ಈ ದುಭಾಷಿ ತಪ್ಪು ಮಾಡಿದ್ರು ಅನ್ನೋಕೆ ನನ್ನ ಹತ್ರ ಯಾವತ್ತೂ ಆಧಾರ ಇರಲಿಲ್ಲ."

ಅವರು ಶುರುಮಾಡಿದರು. 'ಈ ದುಭಾಷಿ' ಎನ್ನುವಲ್ಲಿ ಒಂದು ಕ್ಷಣ ನಿಂತರು. ಆಮೇಲೆ ಸಾವರಿಸಿಕೊಂಡು ವಾಕ್ಯವನ್ನು ಪೂರ್ತಿ ಮಾಡಿದರು.

ಮಗಳು ನೆಲದಿಂದ ಎದ್ದು, ಮುಖ ಒರೆಸಿಕೊಂಡು, ಅವರು ನೋಡುತ್ತಿದ್ದ ಆ ಖಾಲಿ ಕುರ್ಚಿಯಲ್ಲಿ ಹೋಗಿ ಕೂತಳು. ಆಕೆಗೆ ಆ ಭಾಷೆಯ ಒಂದು ಪದವೂ ಬರುವುದಿಲ್ಲ. ಆದರೂ ಪ್ರತಿ ಮಾತಿಗೂ ತಲೆಯಾಡಿಸುತ್ತ ಕೇಳಿದಳು.